ಎರಡು ಮಿಲಿಮೀಟರಿನ ನೊಣಕ್ಕೆ ಹೆಸರು ಹುಡುಕುವುದು

(ಕೊಡ್ಲಿಪೇಟೆಯಲ್ಲಿ ನೀಡಿದ ದತ್ತಿ ಉಪನ್ಯಾಸದ ಅಚ್ಚಿನ ರೂಪ)



ದತ್ತಿ ಉಪನ್ಯಾಸ ಎಂದರೆ ವಚನ, ಜಾನಪದ, ಇಲ್ಲವೇ ನಾಡುನುಡಿ ಎಂಬುದು ರೂಢಿ. ಆಹ್ವಾನ ಪತ್ರಿಕೆಯಲ್ಲಿ ‘ನೊಣ’ ಎಂದಿರುವುದನ್ನು ನೋಡಿ ಅಚ್ಚಿನ ದೋಷವಿರಬೇಕೆಂದು ಕೆಲವರು ಫೋನ್ ಮಾಡಿ ವಿಚಾರಿಸಿದರು. ದೋಷವಲ್ಲ, ವಿಷಯವೇ ಅದು. ಆದರೆ ಊಟದ ತಟ್ಟೆಗೆ ಬಂದು ಕೂರುವ ಮನೆನೊಣದ ಬಗ್ಗೆ ನಾನು ಮಾತಾಡುವುದಿಲ್ಲ. ಅದಕ್ಕೆ 1758ರಲ್ಲೇ ಲಿನೇಯಸ್ ಹೆಸರಿಟ್ಟು ಮುಗಿಸಿದ್ದಾನೆ. ನೊರಜು, ಗುಂಗುರು ಎಂದು ನಾವು ಕೈ ಬೀಸಿ ಓಡಿಸುವ, ಒಂದರಿಂದ ನಾಲ್ಕು ಮಿಲಿಮೀಟರಿನ ಸಣ್ಣ ನೊಣಗಳಿವೆಯಲ್ಲ, ಅವುಗಳ ಚಿತ್ರ ತೆಗೆಯುವುದು ಹೇಗೆ, ಅವು ಯಾವುವೆಂದು ಗುರುತಿಸುವುದು ಹೇಗೆ ಎಂಬುದಷ್ಟೇ ಇವತ್ತಿನ ಮಾತು. ನಾನು ವಿಜ್ಞಾನಿಯಲ್ಲ. ತೋಟದ ಕೆಲಸ ಮುಗಿಸಿ ಸಂಜೆ ಹೊತ್ತು ಲೆನ್ಸ್ ಹಿಡಿದು ಕೂರುವ ಹವ್ಯಾಸಿ.

ಪ್ರಪಂಚದಲ್ಲಿ ಹೆಸರು ಪಡೆದಿರುವ ನೊಣ ಜಾತಿಗಳು ಒಂದೂವರೆ ಲಕ್ಷಕ್ಕೂ ಹೆಚ್ಚು. ಸೊಳ್ಳೆಯೂ ಈ ಲೆಕ್ಕದಲ್ಲೇ ಬರುತ್ತದೆ. ಗುರುತು ಸುಲಭ: ಜೇನು, ಕಣಜ, ಚಿಟ್ಟೆಗಳಿಗೆ ನಾಲ್ಕು ರೆಕ್ಕೆ, ನೊಣಕ್ಕೆ ಎರಡೇ. ಹಿಂದಿನ ಜೋಡಿ ಇರಬೇಕಾದ ಜಾಗದಲ್ಲಿ ತುದಿ ದಪ್ಪಗಿರುವ ಎರಡು ಪುಟ್ಟ ಕಡ್ಡಿಗಳಿರುತ್ತವೆ. ಹಾಲ್ಟೀರ್ ಅಂತಾರೆ. ಹಾರುವಾಗ ಅವು ರೆಕ್ಕೆಯ ಲಯದಲ್ಲೇ ಬಡಿಯುತ್ತ, ಮೈ ಯಾವ ಕಡೆ ವಾಲಿತು, ಎಷ್ಟು ತಿರುಗಿತು ಎಂಬ ಸುದ್ದಿಯನ್ನು ನರಗಳಿಗೆ ಮುಟ್ಟಿಸುತ್ತವೆ. ರೆಕ್ಕೆಗೂ ಈ ಕಡ್ಡಿಗೂ ಅಷ್ಟೊಂದು ತಾಳ ಕೂಡುವುದು ಹೇಗೆ? ಬೆಂಗಳೂರಿನ ಎನ್‌ಸಿಬಿಎಸ್‌ ಸಂಶೋಧನಾ ಕೇಂದ್ರದಲ್ಲಿ ಸಂಜಯ್ ಸಾನೆ ಅವರ ತಂಡ 2015ರಲ್ಲಿ ಪ್ರಕಟಿಸಿದ ಕೆಲಸ ಇದೇ ಪ್ರಶ್ನೆಯದು. ಎದೆಗೂಡಿನ ಗೋಡೆಯಲ್ಲೇ ಎರಡನ್ನೂ ಜೋಡಿಸುವ ಯಾಂತ್ರಿಕ ಕೊಂಡಿ ಇದೆ ಎಂದು ಅವರು ತೋರಿಸಿದರು. ಅದಕ್ಕೆ ಬಳಸಿದ ನೊಣ ಯಾವುದು ಗೊತ್ತೆ? ನಮ್ಮ ಗೊಬ್ಬರದ ಗುಂಡಿಗಳ ಮೇಲೆ ಕಣಜದ ವೇಷದಲ್ಲಿ ಓಡಾಡುವ ಕಪ್ಪು ಸೋಲ್ಜರ್ ನೊಣ. ಅದರ ಹೊಟ್ಟೆಯ ಬುಡದಲ್ಲಿ ಬೆಳಕು ತೂರುವ ಎರಡು ಕಿಟಕಿಗಳಿವೆ. ಸಣ್ಣ ನೊಣವಲ್ಲ, ಬರಿಗಣ್ಣಿಗೇ ಕಾಣುತ್ತದೆ. ಮಕ್ಕಳು ಅಲ್ಲಿಂದ ಶುರು ಮಾಡಬಹುದು.

ಈ ಕೆಲಸ ಹವ್ಯಾಸಿಗಳದ್ದಲ್ಲ ಎನ್ನುವವರಿಗೆ ಒಂದು ಹೆಸರು ಹೇಳುತ್ತೇನೆ. ಎನ್ರಿಕೊ ಬ್ರುನೆಟ್ಟಿ ಎಂಬ ಇಂಗ್ಲೆಂಡಿನವನೊಬ್ಬನಿದ್ದ. ಹೊಟ್ಟೆಪಾಡಿಗೆ ಸಂಗೀತ, ಮನಸ್ಸೆಲ್ಲ ನೊಣದ ಮೇಲೆ. ಕಲ್ಕತ್ತೆಯ ಇಂಡಿಯನ್ ಮ್ಯೂಸಿಯಮ್ಮಿನ ಸಂಗ್ರಹ ಹಿಡಿದುಕೊಂಡು ‘ಫಾನಾ ಆಫ್ ಬ್ರಿಟಿಷ್ ಇಂಡಿಯಾ’ ಮಾಲೆಯಲ್ಲಿ 1912, 1920, 1923ರಲ್ಲಿ ಮೂರು ಸಂಪುಟ ಬರೆದ. ಇವತ್ತಿಗೂ ನಮ್ಮ ದೇಶದ ನೊಣಗಳ ಮಾತು ಬಂದರೆ ಆ ಪುಟಗಳನ್ನು ತಿರುವದೆ ದಾರಿಯಿಲ್ಲ. ಹಳೆಯ ಇಂಗ್ಲಿಷು, ಚಿತ್ರ ಕಡಿಮೆ, ವರ್ಣನೆ ಉದ್ದ. ಕೆಲವು ಜಾತಿಗಳನ್ನು ಒಂದೇ ಮಾದರಿ ನೋಡಿ ಬರೆದಿದ್ದಾನೆ ಎಂಬ ದೂರೂ ಇದೆ. ಇರಲಿ. ವಾದ್ಯ ನುಡಿಸಿ ಬದುಕಿದವನು ಬಿಟ್ಟುಹೋದದ್ದನ್ನು ಸಂಬಳದವರು ನೂರು ವರ್ಷವಾದರೂ ಪೂರ್ತಿ ತಿದ್ದಿಲ್ಲ.

ಕೊಡಗಿಗೇ ಬರೋಣ. 1950ರ ದಶಕದಲ್ಲಿ ಕಾರೈಕಾಲ್ ಕಡೆಯ ಪಿ. ಸೂಸೈ ನಾಥನ್ ಎಂಬವರು ದಕ್ಷಿಣ ಕೊಡಗಿನ ಅಮ್ಮತ್ತಿಯಲ್ಲಿ ಕೀಟ ಹಿಡಿದರು. ಹಿಡಿದು ಕಳಿಸುವುದೇ ಅವರ ಉದ್ಯೋಗ. ಅವರು ದಕ್ಷಿಣ ಭಾರತದಲ್ಲಿ ಹಿಡಿದ ಉದ್ದಕಾಲಿನ ಕ್ರೇನ್ ನೊಣಗಳು ಅಮೆರಿಕದ ಚಾರ್ಲ್ಸ್ ಅಲೆಗ್ಸಾಂಡರ್ ಅವರ ಮೇಜಿಗೆ ಹೋದವು. ಆ ಮನುಷ್ಯ ತನ್ನ ಜೀವಮಾನದಲ್ಲಿ ಹನ್ನೊಂದು ಸಾವಿರಕ್ಕೂ ಹೆಚ್ಚು ಕ್ರೇನ್ ನೊಣ ಜಾತಿಗಳಿಗೆ ಹೆಸರಿಟ್ಟವರು. ನಾಥನ್ನರ ಚೀಟಿ ಚುಟುಕು: ದಕ್ಷಿಣ ಕೊಡಗು, ಅಮ್ಮತ್ತಿ, 3100 ಅಡಿ, ತಿಂಗಳು, ವರ್ಷ, ಹಿಡಿದವರ ಹೆಸರು. ಅಷ್ಟು ಬರೆದದ್ದರಿಂದಲೇ ಎಪ್ಪತ್ತು ವರ್ಷದ ಮೇಲೂ ಆ ಒಣಗಿದ ನೊಣಕ್ಕೆ ಬೆಲೆ. ಉತ್ತರದ ತುದಿಯ ನಮ್ಮ ಈ ಹೋಬಳಿಯಲ್ಲಿ, ಹೇಮಾವತಿಯ ಕಡೆಗೆ ಇಳಿಯುವ ಗದ್ದೆ ತೋಟಗಳಲ್ಲಿ ಅಂಥ ಚೀಟಿಗಳನ್ನು ಬರೆಯುವವರು ಬೇಕು ಎಂಬುದೇ ನನ್ನ ಆಸೆ.

ಮೈಸೂರಿನವರು ಹಣ್ಣು ಮುತ್ತುವ ನೊಣ ಹಿಡಿದು ದೊಡ್ಡ ಕೆಲಸ ಮಾಡಿದ್ದಾರೆ. ಮಾನಸಗಂಗೋತ್ರಿಯ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಡ್ರೊಸೊಫಿಲಾ ತಳಿಗಳನ್ನು ಸಾಕಿ ಕಾಪಾಡುವ ಕೇಂದ್ರವೇ ಇದೆ. ಡ್ರೊಸೊಫಿಲಾ ಮೈಸೂರೆನ್ಸಿಸ್ ಎಂಬ ಜಾತಿಗೆ ಆ ಊರಿನ ಹೆಸರೇ ಸಿಕ್ಕಿದೆ. ಅವರ ಒಂದು ಸಂಗತಿಯನ್ನು ಆಮೇಲೆ ಹೇಳಬೇಕು, ಈಗ ಬೇಡ.

ಈಗ ಕಾಫಿ ಪಲ್ಪರ್ ಮನೆಯ ಹಿಂದಿನ ಸಿಪ್ಪೆ ರಾಶಿಗೆ ಬನ್ನಿ. ಅರೇಬಿಕಾ ಹಣ್ಣು ಕೊಯ್ದು ಪಲ್ಪ್ ಮಾಡುವ ಕಾಲದಲ್ಲಿ ಆ ರಾಶಿ ಹುಳಿತು ಬಿಸಿಯೇರಿರುತ್ತದೆ. ಮೂಗು ಮುಚ್ಚಿಕೊಂಡು ದಾಟುವ ಜಾಗ. ಅಲ್ಲಿ ಸಣ್ಣ ನೊಣಗಳ ಮೋಡವೇ ಇರುತ್ತದೆ. ನಿಂತು ನೋಡಿದರೆ ಅವೆಲ್ಲ ಒಂದೇ ಅಲ್ಲ. ಕಂದು ಹಳದಿ ಮೈ, ಕೆಂಪು ಕಣ್ಣು, ನಿಧಾನವಾಗಿ ತೂಗಿ ತೂಗಿ ಹಾರುವುದು ಡ್ರೊಸೊಫಿಲಾ ಬಳಗ. ಅದರ ಮೀಸೆಯ ತುದಿಯಲ್ಲಿ ಒಂದು ಕೂದಲಿದೆ. ಲೆನ್ಸಿನಲ್ಲಿ ನೋಡಿದರೆ ಆ ಕೂದಲಿಗೆ ಮೇಲೂ ಕೆಳಗೂ ಕವಲುಗಳು, ಗರಿಯಂತೆ. ಇನ್ನೊಂದು ಕಪ್ಪಗೆ ಕುಳ್ಳಗೆ, ಹಾರುವುದಕ್ಕಿಂತ ನೆಗೆಯುವುದೇ ಜಾಸ್ತಿ. ಅದರ ಹಿಂಗಾಲಿನ ಪಾದದ ಮೊದಲ ಗೆಣ್ಣು ಮೋಟಾಗಿ ಊದಿಕೊಂಡಿರುತ್ತದೆ. ಆ ಊದಿದ ಗೆಣ್ಣು ಕಂಡಿತೋ, ಅದು ಬಹುಮಟ್ಟಿಗೆ ಸ್ಫೆರೊಸೆರಿಡೇ ಕುಟುಂಬ. ಮೂರನೆಯದು ಗೂನು ಬೆನ್ನಿನದು. ರಾಶಿಯ ಮೇಲೆ ಸರ್ರನೆ ಓಡುತ್ತದೆ, ಗಕ್ಕನೆ ನಿಲ್ಲುತ್ತದೆ, ಮತ್ತೆ ಓಡುತ್ತದೆ. ಇದು ಫೋರಿಡೇ. ಇದರ ರೆಕ್ಕೆಯಲ್ಲಿ ಮುಂದಿನ ಅಂಚಿಗೆ ಒತ್ತಿಕೊಂಡು ಎರಡು ಮೂರು ದಪ್ಪ ನರ, ಮಿಕ್ಕ ಜಾಗದಲ್ಲಿ ಅಡ್ಡಗೆರೆಯೇ ಇಲ್ಲದ ತೆಳು ನರಗಳು. ಪ್ರಪಂಚದ ಅತಿ ಸಣ್ಣ ನೊಣಗಳು ಈ ಬಳಗದವೇ: ಥಾಯ್ಲೆಂಡಿನಲ್ಲಿ ಸಿಕ್ಕ ಒಂದು ಜಾತಿಯ ಉದ್ದ 0.4 ಮಿಲಿಮೀಟರ್.

ಅದೇ ರಾಶಿಯಲ್ಲಿ ಅದೃಷ್ಟವಿದ್ದರೆ ಇನ್ನೊಂದು ಸಿಗುತ್ತದೆ. ತಲೆಯಿಂದ ಬೆನ್ನಿನ ತುದಿಯ ತನಕ ಕಪ್ಪು ಅಂಚಿನ ಬೆಳ್ಳಿ ಪಟ್ಟೆ ಎಳೆದ ಕಂದು ನೊಣ, ಝಾಪ್ರಿಯೋನಸ್ ಇಂಡಿಯಾನಸ್. 1970ರಲ್ಲಿ ಜೆ.ಪಿ. ಗುಪ್ತ ಅವರು ಭಾರತದ ಮಾದರಿ ನೋಡಿ ಈ ಹೆಸರಿಟ್ಟರು, ಆದರೆ ಅದರ ತವರು ಆಫ್ರಿಕಾ. ಮಾಗಿದ ಅಂಜೂರ, ಸೀಬೆ, ಹಲಸು ಯಾವುದಾದರೂ ಆದೀತು. ಚಿತ್ರ ನೋಡಿ ಹೆಚ್ಚುಕಡಿಮೆ ಧೈರ್ಯವಾಗಿ ಹೆಸರು ಹೇಳಬಹುದಾದ ಕೆಲವೇ ಸಣ್ಣ ನೊಣಗಳಲ್ಲಿ ಇದೂ ಒಂದು. ಬಚ್ಚಲ ಗೋಡೆಗೆ ಅಂಟಿಕೊಂಡಿರುವ, ರೋಮ ತುಂಬಿದ ಅಗಲ ರೆಕ್ಕೆಯ ಬೂದು ನೊಣ ಇನ್ನೊಂದು. ರೆಕ್ಕೆಯ ಅಂಚಿನಲ್ಲಿ ಬಿಳಿ ಚುಕ್ಕೆಗಳಿದ್ದರೆ ಅದು ಕ್ಲಾಗ್ಮಿಯಾ ಆಲ್ಬಿಪಂಕ್ಟೇಟಾ. ನೀರು ಸುರಿದರೂ ಅಷ್ಟು ಸುಲಭಕ್ಕೆ ನೆನೆಯದ ಜೀವಿ.

ಚಿತ್ರದ ವಿಷಯ. ಚಂದದ ಫೋಟೋಕ್ಕೂ ಗುರುತಿನ ಫೋಟೋಕ್ಕೂ ಸಂಬಂಧ ಕಡಿಮೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಸ್ಪರ್ಧೆಗೆ ಹೋಗುವ ಚಿತ್ರದಲ್ಲಿ ಕಣ್ಣು ಹೊಳೆಯುತ್ತಿರುತ್ತದೆ, ಹಿಂದೆ ಹಸಿರು ಮಸುಕು, ರೆಕ್ಕೆ ಒಂದು ಬಣ್ಣದ ಛಾಯೆ. ನೋಡಲು ಹಿತ. ಆದರೆ ಗುರುತಿಸುವವನಿಗೆ ಬೇಕಾದ್ದು ಅದರಲ್ಲಿ ಒಂದೂ ಇರುವುದಿಲ್ಲ. ಅವನಿಗೆ ಬೇಕಾದ್ದು ನರಗಳು ಎಣಿಸುವಂತೆ ಕಾಣುವ ಚಪ್ಪಟೆ ರೆಕ್ಕೆ, ನೇರ ಮುಂದಿನಿಂದ ಮುಖ, ಪಕ್ಕದಿಂದ ಎದೆ, ಮೇಲಿನಿಂದ ಬೆನ್ನಿನ ಬಿರುಗೂದಲು, ಕಾಲಿನ ಗೆಣ್ಣುಗಳು. ಗಂಡಾದರೆ ಹೊಟ್ಟೆಯ ತುದಿ. ಜೊತೆಗೆ ಅಳತೆಗೆ ಒಂದು ಮಿಲಿಮೀಟರ್ ಪಟ್ಟಿ. ಬಿರುಗೂದಲು ಎಂದು ನಗಬೇಡಿ. ಅದರ ಜಾಗ, ಸಂಖ್ಯೆ, ಯಾವ ಕಡೆಗೆ ಬಾಗಿದೆ ಎಂಬುದರ ಮೇಲೇ ಎಷ್ಟೋ ಕುಟುಂಬಗಳ ಗುರುತು ನಿಂತಿದೆ.

ಲೆಕ್ಕ ನೋಡಿ. ಸಾಮಾನ್ಯ ಡಿಎಸ್‌ಎಲ್‌ಆರ್ ಕ್ಯಾಮರಾದ ಸೆನ್ಸರ್ ಅಗಲ 23 ಮಿಲಿಮೀಟರ್ ಆಸುಪಾಸು. ಮ್ಯಾಕ್ರೊ ಲೆನ್ಸು ನಿಜಗಾತ್ರದಲ್ಲಿ ತೋರಿಸಿದರೂ 2 ಮಿಲಿಮೀಟರಿನ ನೊಣ ಆ ಅಗಲದ ಹತ್ತರಲ್ಲಿ ಒಂದು ಪಾಲೂ ತುಂಬುವುದಿಲ್ಲ. ಹಳೆಯ 50 ಎಂಎಂ ಲೆನ್ಸನ್ನು ತಿರುಗುಮುರುಗಾಗಿ ಹಾಕುವ ರಿಂಗ್ ಅಗ್ಗಕ್ಕೆ ಸಿಗುತ್ತದೆ. ಅದು ತರುವುದೂ ಹೆಚ್ಚುಕಡಿಮೆ ನಿಜಗಾತ್ರ, ಎಕ್ಸ್‌ಟೆನ್ಷನ್ ಟ್ಯೂಬು ಸೇರಿಸಿದರೆ ಇನ್ನಷ್ಟು. ನನಗೆ ಒಗ್ಗಿದ್ದು ಶಾಲೆಯ ಮೈಕ್ರೋಸ್ಕೋಪಿನ 4 ಪಟ್ಟಿನ ಆಬ್ಜೆಕ್ಟಿವ್. ಟ್ಯೂಬುಗಳ ತುದಿಗೆ ಅದನ್ನು ಕೂರಿಸಿದರೆ ಅದೇ ನೊಣ ಸೆನ್ಸರಿನ ಮೂರರಲ್ಲೊಂದು ಪಾಲು ತುಂಬುತ್ತದೆ. ತೊಂದರೆ ಆಮೇಲೆ ಶುರು: ಆ ಲೆನ್ಸಿನಲ್ಲಿ ಒಂದು ಸಲಕ್ಕೆ ಸ್ಪಷ್ಟವಾಗಿ ಕಾಣುವ ಆಳ ಮಿಲಿಮೀಟರಿನ ಇಪ್ಪತ್ತನೇ ಒಂದು ಭಾಗದಷ್ಟು. ಮೂತಿ ಕಂಡರೆ ಕಣ್ಣಿಲ್ಲ, ಕಣ್ಣು ಕಂಡರೆ ಬೆನ್ನಿಲ್ಲ. ಸಾಮಾನ್ಯ ಲೆನ್ಸಿನ ಅಪರ್ಚರನ್ನು ಎಫ್ 22ಕ್ಕೆ ಇಳಿಸಿ ಇದನ್ನು ಗೆಲ್ಲಬಹುದು ಎಂದುಕೊಳ್ಳುವವರಿದ್ದಾರೆ. ಆಳ ಸಿಗುತ್ತದೆ, ಆದರೆ ಬೆಳಕು ಚದುರಿ ಸಣ್ಣ ಕೂದಲೆಲ್ಲ ಮಸುಕಾಗುತ್ತದೆ. ಕೂದಲು ಹೋದ ಮೇಲೆ ಉಳಿದದ್ದೇನು?

ಆದ್ದರಿಂದ ಸ್ಟ್ಯಾಕಿಂಗ್. ಸ್ಕ್ರೂ ತಿರುಗಿಸಿ ಕೂದಲೆಳೆಯಷ್ಟು ಮುಂದೆ ಸರಿಸುವುದು, ಒಂದು ಚಿತ್ರ. ಮತ್ತೆ ಸರಿಸುವುದು, ಮತ್ತೊಂದು. ಒಂದು ಮಿಲಿಮೀಟರ್ ಆಳಕ್ಕೆ ಮೂವತ್ತರಿಂದ ನಲವತ್ತು ಚಿತ್ರ ಬೇಕು. ಪ್ರತಿಯೊಂದರ ಸ್ಪಷ್ಟ ಭಾಗವನ್ನು ಆಯ್ದು ಕಂಪ್ಯೂಟರ್ ಒಂದಾಗಿ ಹೊಂದಿಸಿಕೊಡುತ್ತದೆ. ರಸ್ತೆಯಲ್ಲಿ ಟಿಂಬರ್ ಲಾರಿ ಹೋದರೆ ಮೇಜು ನಡುಗಿ ಸರಣಿಯೇ ಹಾಳು. ಹೀಗಾಗಿ ಈ ಕೆಲಸಕ್ಕೆ ನಮ್ಮೂರಲ್ಲಿ ರಾತ್ರಿಯೇ ಸರಿ, ಕರೆಂಟ್ ಇದ್ದರೆ. ಬೆಳಕು ಎಷ್ಟು ಹರಡಿದರೆ ಅಷ್ಟು ಒಳ್ಳೆಯದು. ಬಿಳಿ ಪ್ಲಾಸ್ಟಿಕ್ಕಿನ ಮೊಸರು ಡಬ್ಬಿಯ ತಳ ಕತ್ತರಿಸಿ ನೊಣದ ಸುತ್ತ ಬೋರಲು ಹಾಕಿ, ಹೊರಗಿನಿಂದ ಎರಡು ಎಲ್‌ಇಡಿ ದೀಪ ಕೊಟ್ಟರೆ ಸಾಕು.

ಇಲ್ಲೊಂದು ಎಚ್ಚರ, ಯಾರೂ ಸಾಮಾನ್ಯವಾಗಿ ಹೇಳದ್ದು. ಎರಡು ಬಿರುಗೂದಲು ಒಂದರ ಹಿಂದೊಂದು ಅಡ್ಡ ಹಾಯುವ ಕಡೆ ಸ್ಟ್ಯಾಕಿಂಗ್ ತಂತ್ರಾಂಶ ತಡವರಿಸುತ್ತದೆ. ಕೆಲವೊಮ್ಮೆ ಒಂದನ್ನು ನುಂಗುತ್ತದೆ, ಕೆಲವೊಮ್ಮೆ ಇಲ್ಲದ ಒಂದರ ನೆರಳು ಬರೆಯುತ್ತದೆ. ಈಗಿನ ಫೋನುಗಳಂತೂ ಚಿತ್ರವನ್ನು ‘ಚೊಕ್ಕ’ ಮಾಡುವ ಭರದಲ್ಲಿ ಇಲ್ಲದ ರೋಮವನ್ನು ತಾವೇ ನೇಯ್ದುಬಿಡುತ್ತವೆ. ಭುಜದ ಮೇಲೆ ಎರಡು ಬಿರುಗೂದಲೋ ಮೂರೋ ಎಂಬುದರ ಮೇಲೆ ಗುರುತು ನಿಂತಿರುವಾಗ ಇದು ಸಣ್ಣ ವಿಷಯವಲ್ಲ. ಹೊಂದಿಸಿದ ಚಿತ್ರದ ಜೊತೆಗೆ ಮೂಲ ಚಿತ್ರಗಳನ್ನೂ ಇಟ್ಟುಕೊಳ್ಳಿ. ಸಂಶಯ ಬಂದಾಗ ಸಾಕ್ಷಿ ಹೇಳುವುದು ಅವೇ.

ಬದುಕಿರುವ ನೊಣದ ಚಿತ್ರವೋ, ಸತ್ತದ್ದರ ಚಿತ್ರವೋ? ಎರಡೂ ಬೇಕು. ದನ ಕಚ್ಚುವ ಟಬಾನಿಡೇ ನೊಣಗಳ ಕಣ್ಣಿನ ಮೇಲಿನ ಬಣ್ಣದ ಪಟ್ಟೆಗಳು ಸತ್ತು ಒಣಗಿದ ಮೇಲೆ ಮಾಸುತ್ತವೆ. ಅವನ್ನು ಜೀವಂತವಾಗಿಯೇ ತೆಗೆಯಬೇಕು. ಬಾಳೆ ಎಲೆಯ ಮೇಲೆ ಹಸಿರು ಲೋಹದಂತೆ ಮಿನುಗುವ ಉದ್ದಕಾಲಿನ ಡೊಲಿಕೊಪೊಡಿಡೇ ನೊಣವಿದೆಯಲ್ಲ, ಅದು ಫ್ಲಾಷ್ ಬೆಳಗಿದ ಕ್ಷಣದಲ್ಲೇ ಎಗರಿಬಿಡುತ್ತದೆ; ಮನೆಗೆ ಬಂದು ನೋಡಿದರೆ ಬರೀ ಎಲೆಯ ಚಿತ್ರ. ಹಗಲು ಬೆಳಕೇ ಅದಕ್ಕೆ ಮದ್ದು. ಬಿರುಗೂದಲು, ನರಗಳ ವಿವರಕ್ಕೆ ಮಾತ್ರ ಸತ್ತ ಮಾದರಿಯೇ ಬೇಕು, ಅದೂ ಫ್ರೀಜರಿನಲ್ಲಿಟ್ಟು ತೆಗೆದ ದಿನವೇ. ತಡವಾದರೆ ಕಣ್ಣು ಹೊಟ್ಟೆ ಎರಡೂ ಕುಸಿಯುತ್ತವೆ. ನೊಣ ಕೊಲ್ಲುವುದು ಪಾಪವಲ್ಲವೆ ಎಂದು ಕೇಳುವ ಹಿರಿಯರಿಗೆ ನನ್ನ ಉತ್ತರ ಇಷ್ಟೆ: ಬೇಕಾದ ಒಂದೆರಡನ್ನೇ ತೆಗೆದುಕೊಳ್ಳುತ್ತೇನೆ, ತೆಗೆದುಕೊಂಡದ್ದಕ್ಕೆ ಚೀಟಿ ಬರೆಯುತ್ತೇನೆ. ತೋಟಕ್ಕೆ ಔಷಧಿ ಹೊಡೆಯುವಾಗ ಈ ಪ್ರಶ್ನೆಯನ್ನು ನಾವು ಯಾರೂ ಕೇಳಿಕೊಳ್ಳುವುದಿಲ್ಲ.

ಸಣ್ಣ ನೊಣಕ್ಕೆ ಸೂಜಿ ಚುಚ್ಚಬಾರದು, ಎದೆಯೇ ಒಡೆದುಹೋಗುತ್ತದೆ. ದಪ್ಪ ಕಾಗದದ ಮೊನಚು ತ್ರಿಕೋನ ಕತ್ತರಿಸಿ, ಅದರ ತುದಿಗೆ ಸೂಜಿಮೊನೆಯಷ್ಟು ಅಂಟು ಮುಟ್ಟಿಸಿ, ನೊಣದ ಬಲಪಕ್ಕಕ್ಕೆ ಅಂಟಿಸುವುದು ರೂಢಿ. ಎಡಪಕ್ಕ ನೋಡುವವರಿಗೆ ಬಿಟ್ಟದ್ದು. ಸೂಜಿ ಚುಚ್ಚುವುದೇನಿದ್ದರೂ ಕಾಗದದ ಅಗಲವಾದ ತುದಿಗೆ. ಇಷ್ಟೂ ಪುಸ್ತಕದಲ್ಲಿ ಸಿಗುತ್ತದೆ. ಪುಸ್ತಕದಲ್ಲಿ ಸಿಗದ್ದು ನಮ್ಮ ಮಳೆಗಾಲ. ಪುನರ್ವಸು, ಪುಷ್ಯ ಮಳೆ ಹಿಡಿದರೆ ಗೋಡೆ, ಚಪ್ಪಲಿ, ಬೆಲ್ಟು ಎಲ್ಲಕ್ಕೂ ಬೂಷ್ಟು. ನೊಣದ ಪೆಟ್ಟಿಗೆಯನ್ನು ಅದು ಬಿಡುತ್ತದೆಯೆ? ಬಿರುಗೂದಲ ಮಧ್ಯೆ ಬಿಳಿ ನೂಲು ಹಬ್ಬಿದರೆ ಆ ಮಾದರಿ ಮುಗಿಯಿತು. ಲೆನ್ಸಿನ ಗಾಜಿಗೂ ಅದೇ ಗತಿ. ಗಾಳಿಯಾಡದ ಸ್ಟೀಲ್ ಡಬ್ಬಿ, ಅದರೊಳಗೆ ಸಿಲಿಕಾ ಜೆಲ್, ಬಣ್ಣ ಬದಲಾದಾಗ ಬಾಣಲೆಯಲ್ಲಿ ಹುರಿದು ಮತ್ತೆ ಹಾಕುವುದು, ಇದೇ ನನ್ನ ಕ್ರಮ. ಒಣಗಿಸಿ ಕಾಪಾಡುವುದು ಕಷ್ಟ ಎನ್ನುವವರು ಮೆಡಿಕಲ್ ಅಂಗಡಿಯ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಹಾಕಿಡಿ. ಬಣ್ಣ ಸ್ವಲ್ಪ ಹೋಗುತ್ತದೆ, ನೊಣ ಉಳಿಯುತ್ತದೆ.

ಚೀಟಿಯನ್ನು ಪೆನ್ಸಿಲ್ಲಿನಲ್ಲೇ ಬರೆಯಿರಿ, ಪೆನ್ನಿನ ಶಾಯಿ ಆಲ್ಕೋಹಾಲಿನಲ್ಲಿ ಕರಗುತ್ತದೆ. ಊರು, ತಾಲ್ಲೂಕು, ತಾರೀಕು, ಯಾವುದರ ಮೇಲೆ ಕೂತಿತ್ತು ಎಂಬುದು. ಅಕ್ಷಾಂಶ ರೇಖಾಂಶವನ್ನು ಫೋನೇ ಕೊಡುತ್ತದೆ, ಅದನ್ನೂ ಸೇರಿಸಿ. ಯಾಕೆಂದರೆ ಆಡಳಿತದ ಹೆಸರುಗಳನ್ನು ನಂಬುವಂತಿಲ್ಲ. ನಾಥನ್ ಅಮ್ಮತ್ತಿಗೆ ಬಂದ ಕಾಲಕ್ಕೆ ಕೂರ್ಗ್ ಬೇರೆಯೇ ರಾಜ್ಯ. 1956ರಲ್ಲಿ ಅದು ಮೈಸೂರು ರಾಜ್ಯಕ್ಕೆ ಸೇರಿತು, 1973ರಲ್ಲಿ ಮೈಸೂರು ಕರ್ನಾಟಕವಾಯಿತು. ನೊಣ ಕೂತ ಜಾಗ ಮಾತ್ರ ಅಲ್ಲೇ ಇದೆ.

ಇನ್ನು ಹೆಸರಿನ ಪ್ರಶ್ನೆ. ಆಗ್ನೇಯ ಏಷ್ಯಾ ಸೇರಿದ ನಮ್ಮ ಇಡೀ ವಲಯಕ್ಕೆ ಬ್ರುನೆಟ್ಟಿಯ ನಂತರದ ಕಾಲದ ಒಂದೇ ಕೈಪಿಡಿ ಹಿಡಿದುಕೊಂಡು ಕೆಲಸ ಮಾಡುವ ಸೌಕರ್ಯ ನಮಗಿಲ್ಲ. ನಾನು ಕುಟುಂಬ ತಿಳಿಯಲು ಕೆನಡಾದವರು 1981ರಿಂದ ಹೊರತಂದ ಉತ್ತರ ಅಮೆರಿಕದ ಕೈಪಿಡಿಯನ್ನೂ, ದಕ್ಷಿಣ ಆಫ್ರಿಕಾದಿಂದ 2017ರಲ್ಲಿ ಬರತೊಡಗಿದ ಆಫ್ರಿಕದ ನೊಣಗಳ ಕೈಪಿಡಿಯನ್ನೂ ಬಳಸುತ್ತೇನೆ. ಎರಡನೆಯದು ನಮಗೆ ಹೆಚ್ಚು ಹತ್ತಿರ, ಕುಲಗಳು ಎಷ್ಟೋ ಸಮಾನ. ಎರಡರಲ್ಲೂ ಕವಲು ಪ್ರಶ್ನೆಗಳಿರುತ್ತವೆ: ಈ ನರ ಅಂಚಿಗೆ ಮುಟ್ಟಿದೆಯೋ ಇಲ್ಲವೋ? ಮುಟ್ಟಿದ್ದರೆ ಆ ಪುಟ, ಇಲ್ಲದಿದ್ದರೆ ಈ ಪುಟ. ಕುಟುಂಬದ ತನಕ ಹವ್ಯಾಸಿ ನಡೆದುಹೋಗಬಹುದು, ಕುಲದ ತನಕ ಕೆಲವೊಮ್ಮೆ. ಜಾತಿಯ ಹೆಸರಿಗೆ ಕೈ ಹಾಕುವ ಮುನ್ನ ಮೈಸೂರಿನವರ ಆ ಸಂಗತಿ ಕೇಳಿ.

ಬಾಳೆಹಣ್ಣಿಗೆ ಮುತ್ತುವ ಡ್ರೊಸೊಫಿಲಾ ನಸೂಟಾ ಎಂಬ ನೊಣವಿದೆ. ಗಂಡಿನ ಹಣೆಯನ್ನು ಸರಿಯಾದ ಕೋನದ ಬೆಳಕಿನಲ್ಲಿ ಮುಂದಿನಿಂದ ನೋಡಿದರೆ ಬೆಳ್ಳಿಯ ಹೊಳಪು ಕಾಣುತ್ತದೆ. ಮೊಸರು ಡಬ್ಬಿ ಹತ್ತು ಡಿಗ್ರಿ ವಾಲಿದರೂ ಮಾಯ. ಅದರ ದಾಯಾದಿ ಆಲ್ಬೊಮಿಕಾನ್ಸ್. ಎರಡೂ ನೋಡಲು ಒಂದೇ ಥರ, ಕೂಡಿಸಿದರೆ ಮರಿ ಹಾಕುತ್ತವೆ. ಆದರೆ ಒಂದಕ್ಕೆ ಎಂಟು ಕ್ರೋಮೋಸೋಮ್, ಇನ್ನೊಂದಕ್ಕೆ ಆರು. ಎಚ್.ಎ. ರಂಗನಾಥ್ ಮತ್ತು ಅವರ ಸಹೋದ್ಯೋಗಿಗಳು ಇವೆರಡನ್ನು ಮಾನಸಗಂಗೋತ್ರಿಯ ಬಾಟಲಿಗಳಲ್ಲಿ ಕೂಡಿಸಿ, ಪೀಳಿಗೆಯಿಂದ ಪೀಳಿಗೆಗೆ ಸಾಕಿ, ಕ್ರೋಮೋಸೋಮುಗಳು ಹೊಸ ರೀತಿಯಲ್ಲಿ ಜೋಡಿಯಾದ ಹೊಸ ತಳಿಗಳನ್ನೇ ಪಡೆದರು. ಅವಕ್ಕೆ ಸೈಟೋರೇಸ್ ಎಂದು ಹೆಸರು. ಈಗ ಹೇಳಿ, ನನ್ನ ನಲವತ್ತು ಚಿತ್ರದ ಸ್ಟ್ಯಾಕಿನಲ್ಲಿ ಕ್ರೋಮೋಸೋಮು ಎಲ್ಲಿ ಕಾಣುತ್ತದೆ? ಫೋನಿನ ಆ್ಯಪ್ ಅರೆಕ್ಷಣದಲ್ಲಿ ಲ್ಯಾಟಿನ್ ಹೆಸರು ಕೊಟ್ಟೀತು. ಸೀಬೆಗೆ ಚುಚ್ಚುವ ಹಣ್ಣುನೊಣದ ಚಿತ್ರ ಕೊಟ್ಟರೆ ಕಣ್ಣುಮುಚ್ಚಿ ಬ್ಯಾಕ್ಟ್ರೊಸೆರಾ ಡಾರ್ಸಾಲಿಸ್ ಎನ್ನುತ್ತದೆ. ದಕ್ಷಿಣ ಭಾರತದಲ್ಲಿ ಅದನ್ನೇ ಹೋಲುವ ಕ್ಯಾರಿಯೇ ಎಂಬ ಜಾತಿಯೂ ಇದೆ, ವ್ಯತ್ಯಾಸ ತೊಡೆಯ ಕಪ್ಪಿನಂಥ ಸಣ್ಣ ಗುರುತುಗಳಲ್ಲಿ. ಕಾಲು ಕಾಣದ ಚಿತ್ರಕ್ಕೆ ‘ಬ್ಯಾಕ್ಟ್ರೊಸೆರಾ’ ಎಂದಷ್ಟೇ ಬರೆದು ನಿಲ್ಲಿಸುವುದು ಗೌರವದ ಕೆಲಸ. ನನ್ನ ಪೆಟ್ಟಿಗೆಯ ಬಹುಪಾಲು ಚೀಟಿಗಳು ಕುಟುಂಬದ ಹೆಸರಿಗೇ ನಿಂತಿವೆ. ಮುಂದಿನ ಸಾಲನ್ನು ಬಲ್ಲವರು ತುಂಬಲಿ ಎಂದು ಖಾಲಿ ಬಿಟ್ಟಿದ್ದೇನೆ.

ಕಾನೂನಿನ ಮಾತೂ ಹೇಳಬೇಕು. ಪುಷ್ಪಗಿರಿ ವನ್ಯಜೀವಿ ಧಾಮ ನಮಗೆ ದೂರವಲ್ಲ. ಅಲ್ಲಿ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಒಂದು ನೊರಜನ್ನೂ ಹಿಡಿಯುವಂತಿಲ್ಲ. ನಮ್ಮ ಸಿಪ್ಪೆ ರಾಶಿ, ನಮ್ಮ ಬಚ್ಚಲು, ನಮ್ಮ ಗದ್ದೆಯಲ್ಲೇ ಮಾಡಲು ಬೇಕಾದಷ್ಟಿದೆ. ನಾಥನ್ ಕಾಲದಂತೆ ಮಾದರಿಗಳನ್ನು ಅಂಚೆಯಲ್ಲಿ ಹೊರದೇಶಕ್ಕೆ ಕಳಿಸುವುದೂ ಈಗ ಸಲ್ಲದು; 2002ರ ಜೀವವೈವಿಧ್ಯ ಕಾಯ್ದೆ ಅಡ್ಡ ಬರುತ್ತದೆ. ಬೆಂಗಳೂರಿನ ಎನ್‌ಬಿಎಐಆರ್‌ ಸಂಶೋಧನಾ ಸಂಸ್ಥೆಯಲ್ಲಿ ಕೃಷಿ ಕೀಟಗಳ ರಾಷ್ಟ್ರೀಯ ಸಂಗ್ರಹವಿದೆ, ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲೂ ಕೀಟ ಸಂಗ್ರಹಾಲಯವಿದೆ. ಕೊಡುವುದಿದ್ದರೆ ಚೀಟಿ ಸಮೇತ ಅಂಥ ಕಡೆ ಕೊಡಿ. ಭತ್ತ ಬೆಳೆಯುವವರಿಗೆ ಒಂದು ವಿಶೇಷ ಕೋರಿಕೆ: ಗದ್ದೆಯಲ್ಲಿ ಪೈರಿನ ಸುಳಿ ಬೆಳ್ಳಗೆ ಕೊಳವೆಯಾಗಿ ಎದ್ದರೆ, ಅದು ಕಣೆ ನೊಣದ ಕೆಲಸ.

ಆ ಕೊಳವೆಯನ್ನು ಕಿತ್ತು ಎಸೆಯಬೇಡಿ. ಬುಡ ಸಮೇತ ಒಂದು ಬಾಟಲಿಗೆ ಹಾಕಿ, ಬಾಯಿಗೆ ತೆಳು ಬಟ್ಟೆ ಕಟ್ಟಿ ಕೆಲವು ದಿನ ಇಡಿ. ಸೊಳ್ಳೆಯನ್ನು ಹೋಲುವ ಕೆಂಪು ಹೊಟ್ಟೆಯ ನೊಣ ಹೊರಬರಬಹುದು. ಅದರ ಬದಲು ಒಮ್ಮೊಮ್ಮೆ ಸಣ್ಣ ಕಪ್ಪು ಕಣಜಗಳೇ ಬರುತ್ತವೆ. ಅವು ನೊಣದ ಮರಿಯನ್ನು ಒಳಗೇ ತಿಂದು ಮುಗಿಸಿದವು, ಅಂದರೆ ನಿಮ್ಮ ಗದ್ದೆಯ ನಂಟರು. ಎಷ್ಟು ಕೊಳವೆಗೆ ಎಷ್ಟು ನೊಣ, ಎಷ್ಟು ಕಣಜ ಎಂದು ಬರೆದಿಟ್ಟರೆ ಔಷಧಿ ಬೇಕೋ ಬೇಡವೋ ಎಂಬುದಕ್ಕೆ ನಿಮ್ಮದೇ ಲೆಕ್ಕ ಸಿಗುತ್ತದೆ.

ಹೊರಗಿನ ಮೇಜಿನ ಮೇಲೆ ಎರಡು ಮೈಕ್ರೋಸ್ಕೋಪ್ ಇಟ್ಟಿದ್ದೇನೆ. ಒಂದರಲ್ಲಿ ಗೂನುಬೆನ್ನಿನ ನೊಣದ ರೆಕ್ಕೆ, ಇನ್ನೊಂದರಲ್ಲಿ ಊದಿದ ಹಿಂಗಾಲು. ಕನ್ನಡಕವಿದ್ದವರು ತೆಗೆದು ನೋಡಿ, ಸಣ್ಣ ಸ್ಕ್ರೂ ಮಾತ್ರ ತಿರುಗಿಸಿ, ದೊಡ್ಡದನ್ನು ಮುಟ್ಟಬೇಡಿ. ಮಕ್ಕಳು ಮೊದಲು, ಚಹಾ ಆಮೇಲೆ.